ತಿರುವಿನ ದಂಡ: ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ

ವರ್ಷಾಂತ್ಯದ ಲೆಕ್ಕ ತಪಾಸಣೆಯ ದಿನಗಳಲ್ಲಿ ವರ್ತಕರ ಕಿರ್ದಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ನಮೂದಿದೆ: ‘ಗಾಡಿ ಖರ್ಚು, ರೂ. 500’. ಅದು ಡೀಸೆಲ್ ಅಲ್ಲ, ಪಂಕ್ಚರ್ ಅಲ್ಲ, ಹಮಾಲಿಯೂ ಅಲ್ಲ. ಗುಮಾಸ್ತರನ್ನು ವಿಚಾರಿಸಿದರೆ, ಎಲ್ಲಿಯೋ ತಿರುಗಿಸಬಾರದ ಕಡೆ ಗಾಡಿ ತಿರುಗಿಸಿದ್ದಕ್ಕೆ ಚಾಲಕನು ಕಟ್ಟಿ ಬಂದ ದಂಡವೆಂದು ತಿಳಿಯುತ್ತದೆ. ರಸೀದಿ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಯಾವ ಕಲಮಿನಡಿ ದಂಡ ಬಿತ್ತು, ಅಲ್ಲಿ ಫಲಕವಿತ್ತೇ, ಇದ್ದರೆ ಅದು ಚಾಲಕನಿಗೆ ಕಾಣುವಂತಿತ್ತೇ ಎಂಬುದನ್ನು ಯಾರೂ ಕೇಳಿರುವುದಿಲ್ಲ. ಐದು ನೂರು ರೂಪಾಯಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದೇ ಸಾಮಾನ್ಯ ಉತ್ತರ. ಒಬ್ಬ ವ್ಯಾಪಾರಿಯ ಮಟ್ಟಿಗೆ ಆ ಉತ್ತರ ಸರಿಯೆಂದೇ ತೋರುತ್ತದೆ. ಒಂದು ಪೇಟೆಯ ಎಲ್ಲ ವ್ಯಾಪಾರಿಗಳ ಮಟ್ಟಿಗೆ ಅದು ಸರಿಯೇ ಎಂಬುದು ವಿಚಾರಣೀಯ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವ್ಯಾಪಾರವೆಲ್ಲ ರಸ್ತೆಯ ಮೇಲೆಯೇ ನಿಂತಿದೆ. ಸಂಕೇಶ್ವರದ ಬಳಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿಂದ ಹುಕ್ಕೇರಿ, ಘಟಪ್ರಭಾ ಮಾರ್ಗವಾಗಿ ಗೋಕಾಕಕ್ಕೆ ಸರಕು ಬರುತ್ತದೆ. ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೂಡಲಗಿಯ ಕಿರಾಣಿ ವರ್ತಕರಿಗೆ ಇಂದಿಗೂ ಗೋಕಾಕದ ಪೇಟೆ ತಪ್ಪಿದ್ದಲ್ಲ. ಕಬ್ಬಿನ ಹಂಗಾಮಿನಲ್ಲಂತೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗಳತ್ತ ಸಾಲುಗಟ್ಟುತ್ತವೆ. ಚಕ್ಕಡಿ ಓಡಾಡುತ್ತಿದ್ದ ಕಾಲಕ್ಕೆ ಹೊಂದಿಕೊಂಡ ಹಳೆಯ ಪೇಟೆಯ ಓಣಿಗಳಲ್ಲಿ ಲಾರಿ, ಟೆಂಪೊ, ಟಂಟಂ ಎಲ್ಲವೂ ನುಗ್ಗುತ್ತವೆ. ಇಂತಹ ಊರುಗಳಲ್ಲಿ ಏಕಮುಖ ಸಂಚಾರವೂ, ಬಲತಿರುವಿನ ನಿಷೇಧವೂ, ಯೂ-ಟರ್ನ್ ನಿಷೇಧವೂ ಅವಶ್ಯವೆಂಬುದರಲ್ಲಿ ಎರಡು ಮಾತಿಲ್ಲ. ತಪ್ಪು ಕಡೆ ತಿರುಗಿದ ಒಂದು ಗಾಡಿ ಇಡೀ ಪೇಟೆಯ ವಹಿವಾಟನ್ನು ಅರ್ಧ ಗಂಟೆ ಕಟ್ಟಿಹಾಕುವುದನ್ನು ಅಂಗಡಿಕಾರರೇ ದಿನವೂ ಕಾಣುತ್ತಾರೆ. ತಪ್ಪು ಮಾಡಿದವನು ದಂಡ ಕಟ್ಟಲಿ. ಪ್ರಶ್ನೆ ಇರುವುದು ತಪ್ಪು ಮಾಡದವನೂ ಕಟ್ಟುವ ದಂಡದ ಬಗ್ಗೆ.

ಕಾನೂನನ್ನು ಮೊದಲು ನೋಡಬೇಕು. ಮೋಟಾರು ವಾಹನ ಕಾಯ್ದೆ 1988ರ ಕಲಂ 119ರ ಪ್ರಕಾರ ಪ್ರತಿಯೊಬ್ಬ ಚಾಲಕನೂ ಕಡ್ಡಾಯ ಸಂಚಾರ ಫಲಕಗಳನ್ನೂ, ಕೇಂದ್ರ ಸರ್ಕಾರದ ಚಾಲನಾ ನಿಬಂಧನೆಗಳನ್ನೂ, ಸಂಚಾರ ದೀಪ ಹಾಗೂ ಪೊಲೀಸ್ ಅಧಿಕಾರಿಯ ಸೂಚನೆಗಳನ್ನೂ ಪಾಲಿಸತಕ್ಕದ್ದು. 2019ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಇಂತಹ ಸಣ್ಣ ಉಲ್ಲಂಘನೆಗಳಿಗೆ ಕಲಂ 177ರಡಿ ಮೊದಲ ಸಲ ಹೆಚ್ಚೆಂದರೆ ರೂ. 100, ಮರಳಿ ಮಾಡಿದರೆ ರೂ. 300 ದಂಡವಿತ್ತು. ಆ ದಿನದಿಂದ ಜಾರಿಗೆ ಬಂದ ತಿದ್ದುಪಡಿಯು ಇವನ್ನು ಕ್ರಮವಾಗಿ ರೂ. 500 ಮತ್ತು ರೂ. 1,500ಕ್ಕೆ ಏರಿಸಿತು. ಚಾಲನಾ ನಿಬಂಧನೆಗಳ ಉಲ್ಲಂಘನೆಗೆಂದೇ 177ಎ ಎಂಬ ಹೊಸ ಕಲಮನ್ನು ಸೇರಿಸಿ, ರೂ. 500ಕ್ಕೆ ಕಡಿಮೆಯಿಲ್ಲದ, ರೂ. 1,000ದವರೆಗಿನ ದಂಡವನ್ನು ನಿಗದಿಪಡಿಸಿತು. ಅಧಿಕಾರಿಯ ಆದೇಶವನ್ನು ಧಿಕ್ಕರಿಸಿದನೆಂದಾದರೆ ಕಲಂ 179ರಡಿ ರೂ. 2,000ದವರೆಗೆ ಹೋಗುತ್ತದೆ. ತಿರುಗಿದ ಮೇಲೆ ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ಗಾಡಿ ಓಡಿಸಿದನೆಂದು ಬರೆದರೆ ಕಲಂ 184, ಅಂದರೆ ಅಪಾಯಕಾರಿ ಚಾಲನೆ, ಅನ್ವಯವಾಗಬಹುದು. ಅಲ್ಲಿ ದಂಡ ರೂ. 1,000ದಿಂದ ರೂ. 5,000, ಜೊತೆಗೆ ಸೆರೆವಾಸದ ಅವಕಾಶವೂ ಇದೆ. ಒಂದೇ ತಿರುವು, ನಾಲ್ಕು ಕಲಮುಗಳು. ಚಲನ್‌ನ ಮೊತ್ತಕ್ಕಿಂತ ಮೊದಲು ಅದರಲ್ಲಿ ಬರೆದ ಕಲಮನ್ನು ಓದಬೇಕೆಂಬುದು ಇದಕ್ಕಾಗಿಯೇ.

ಕಲಂ 184ರ ವಿಷಯದಲ್ಲಿ ಇನ್ನೊಂದು ತೊಡಕಿದೆ. ದಂಡದ ಜೊತೆಗೆ, ಚಾಲಕನ ಲೈಸೆನ್ಸನ್ನು ವಶಪಡಿಸಿಕೊಂಡು ಅನರ್ಹತೆಗಾಗಿ ಪ್ರಾಧಿಕಾರಕ್ಕೆ ಕಳಿಸುವ ಕಲಂ 206(4)ರ ಕ್ರಮವೂ ಇದೆ. ಮಾಲೀಕನಿಗೆ ಅದು ಸಾವಿರ ರೂಪಾಯಿಯ ಮಾತು. ಚಾಲಕನಿಗೆ ಅನ್ನದ ಮಾತು. ಮಾಲೀಕನು ‘ಕಟ್ಟಿ ಬಾ’ ಎಂದು ಫೋನಿನಲ್ಲಿ ಹೇಳುವ ಮುನ್ನ ಕಲಂ ಯಾವುದೆಂದು ಕೇಳಬೇಕಾದುದು ಆ ಚಾಲಕನ ಸಲುವಾಗಿಯೂ ಅವಶ್ಯ.

ಇನ್ನು ‘ಅಪೀಲು’. ದಂಡ ಕಟ್ಟಿ ಬಂದ ವ್ಯಾಪಾರಿ, ಇದರ ಮೇಲೆ ಅಪೀಲು ಹೋಗಲು ಬರುತ್ತದೆಯೇ ಎಂದು ವಿಚಾರಿಸುವುದುಂಟು. ಬರುವುದಿಲ್ಲ. ಸ್ಥಳದಲ್ಲೇ ಕಟ್ಟಿದ ಹಣವು ನ್ಯಾಯಾಲಯ ವಿಧಿಸಿದ ದಂಡವಲ್ಲ. ಅದು ಕಲಂ 200ರಡಿ ಅಪರಾಧವನ್ನು ರಾಜಿ ಮಾಡಿಕೊಂಡ ಮೊಬಲಗು. ರಾಜಿಯಾದ ಮೇಲೆ ಮೊಕದ್ದಮೆಯೇ ಇಲ್ಲ, ಮೊಕದ್ದಮೆ ಇಲ್ಲದೆ ತೀರ್ಪಿಲ್ಲ, ತೀರ್ಪಿಲ್ಲದೆ ಅಪೀಲಿಲ್ಲ. ನ್ಯಾಯಾಲಯಕ್ಕೆ ಹೋಗಿ ‘ತಪ್ಪಾಯಿತು’ ಎಂದು ಒಪ್ಪಿಕೊಂಡವನಿಗೂ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 416ರ ಪ್ರಕಾರ ಅಂಥವನು ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಲ್ಲ. ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರೆ ಅದೂ ಅಂತಿಮವೇ. ಅಪೀಲಿನ ಹಕ್ಕು ಉಳಿಯುವುದು, ಹಣ ಕಟ್ಟದೆ, ತಪ್ಪೊಪ್ಪಿಕೊಳ್ಳದೆ, ಮ್ಯಾಜಿಸ್ಟ್ರೇಟರ ಎದುರು ವಿಚಾರಣೆ ಬೇಡಿ, ಅಲ್ಲಿ ಸೋತವನಿಗೆ ಮಾತ್ರ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಸಣ್ಣ ಪ್ರಕರಣಗಳಲ್ಲಿ ಅಪೀಲು ಇಲ್ಲವೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 376ರಲ್ಲಿತ್ತು. ಹೊಸ ಸಂಹಿತೆಯ ಕಲಂ 417ರಲ್ಲಿಯೂ ಇದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಿದ ದಂಡ ರೂ. 100ನ್ನು, ಸಂಕ್ಷಿಪ್ತ ವಿಚಾರಣೆಯಲ್ಲಾದರೆ ರೂ. 200ನ್ನು ಮೀರದಿದ್ದರೆ ಅಪೀಲು ಸಲ್ಲದು. ತಿರುವಿನ ದಂಡ ನೂರು ರೂಪಾಯಿ ಇದ್ದ ಕಾಲದಲ್ಲಿ, ಮೊದಲ ಸಲದ ತಪ್ಪಿಗೆ ಶಿಕ್ಷೆಯಾದವನಿಗೆ ಅಪೀಲಿನ ದಾರಿಯೇ ಇರಲಿಲ್ಲ. ಪುನರವಲೋಕನದ ಅರ್ಜಿಯೊಂದೇ ಗತಿಯಾಗಿತ್ತು. 2019ರಲ್ಲಿ ದಂಡ ಏರಿತು, ಸಣ್ಣ ಪ್ರಕರಣದ ಮಿತಿ ಮಾತ್ರ ಏರಲಿಲ್ಲ. ಹೀಗಾಗಿ ಇಂದು ರೂ. 500 ದಂಡ ವಿಧಿಸಿದ ತೀರ್ಪಿನ ಮೇಲೆ ಮೂವತ್ತು ದಿನಗಳೊಳಗೆ ಸತ್ರ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ದಂಡ ಹೆಚ್ಚಿಸಿದ್ದನ್ನು ಎಲ್ಲರೂ ಶಪಿಸಿದರು; ಅದರ ಜೊತೆಗೇ ತೆರೆದುಕೊಂಡ ಈ ಬಾಗಿಲನ್ನು ಯಾರೂ ನೋಡಿದಂತಿಲ್ಲ.

ನೋಡದಿರಲು ಕಾರಣವೂ ಇದೆ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಗಳಿಗೆ ಶೇ. 50ರಷ್ಟು ರಿಯಾಯಿತಿ ಘೋಷಿಸಲಾಯಿತು. ಫೆಬ್ರುವರಿ 11ರ ಗಡುವಿನೊಳಗೆ ಕಟ್ಟಲು ಜನ ಮುಗಿಬಿದ್ದರು. ಮುಂದೆಯೂ ಇಂತಹ ಅವಕಾಶಗಳು ಬಂದವು; 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ ಅರ್ಧ ದಂಡದ ಯೋಜನೆ ನಡೆಯಿತು. ಬೊಕ್ಕಸಕ್ಕೆ ಹಣ ಬಂದಿತು, ಬಾಕಿಯ ರಾಶಿ ಇಳಿಯಿತು, ಅದು ಸರಿ. ಆದರೆ ಈ ಏರ್ಪಾಟು ಎರಡು ಕೆಟ್ಟ ಪಾಠಗಳನ್ನು ಕಲಿಸಿದೆ. ತಪ್ಪು ಮಾಡಿದವನಿಗೆ, ಕಾಯ್ದರೆ ಅರ್ಧಕ್ಕೆ ಇಳಿಯುತ್ತದೆ ಎಂಬ ಪಾಠ. ತಪ್ಪು ಮಾಡದವನಿಗೆ, ಇನ್ನೂರೈವತ್ತಕ್ಕೆ ಮುಗಿಯುವಾಗ ವಾದವೇಕೆ ಎಂಬ ಪಾಠ. ವ್ಯಾಪಾರಿಯು ಸಾಲಗಾರನಿಗೆ ವರ್ಷಕ್ಕೊಮ್ಮೆ ಅರ್ಧ ಬಾಕಿ ಬಿಟ್ಟುಕೊಡುತ್ತಾ ಹೋದರೆ ಅವನ ಉದ್ರಿ ಖಾತೆ ಏನಾದೀತೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಪ್ರಶ್ನಿಸಲು ಯೋಗ್ಯವಾದ ದಂಡ ಯಾವುದು? ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಗೋಕಾಕದ ಕರದಂಟು ತಯಾರಕರೊಬ್ಬರ ಗಾಡಿ ಸರಕು ಇಳಿಸಲು ಪಕ್ಕದ ತಾಲ್ಲೂಕಿನ ಪೇಟೆಗೆ ಹೋಗಿದೆ. ವೃತ್ತದಲ್ಲಿ ಬಲಕ್ಕೆ ಹೊರಳಿದೊಡನೆ ಚಾಲಕನನ್ನು ತಡೆದು ‘ಇಲ್ಲಿ ಬಲತಿರುವು ನಿಷೇಧ’ ಎಂದು ಚಲನ್ ಕೊಡಲಾಗಿದೆ. ಚಾಲಕ ಹಿಂತಿರುಗಿ ನೋಡಿದರೆ ಫಲಕವೇನೋ ಇದೆ. ಆದರೆ ಅದರ ಮುಂದೆ ಒಂದು ಶುಭಾಶಯದ ಫ್ಲೆಕ್ಸ್ ತೂಗುತ್ತಿದೆ. ಅಥವಾ ಫಲಕವೇ ಇಲ್ಲ, ಹಿಂದಿನ ವಾರದಿಂದ ಹೊಸ ವ್ಯವಸ್ಥೆ ಜಾರಿಯಾಗಿದೆ ಎಂಬ ಬಾಯಿಮಾತಷ್ಟೇ ಇದೆ. ಈ ಎರಡೂ ಪ್ರಸಂಗಗಳಲ್ಲಿ ಚಾಲಕನ ಪಕ್ಷ ಬಲವಾದುದೇ.

ಏಕೆಂದರೆ ನಿಷೇಧವೆಂಬುದು ಯಾರದೋ ಮನಸ್ಸಿಗೆ ಬಂದಂತೆ ಹುಟ್ಟುವುದಲ್ಲ. ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಕಲಂ 115ರಲ್ಲಿ, ಫಲಕ ನೆಡುವ ಅಧಿಕಾರ ಕಲಂ 116ರಲ್ಲಿ ಇದೆ. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳು ಈ ಕಲಮುಗಳ ಜೊತೆಗೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ)(5)ನ್ನು ಉಲ್ಲೇಖಿಸಿ ಸಂಚಾರ ಅಧಿಸೂಚನೆ ಹೊರಡಿಸುವುದು ರೂಢಿ. ಪಟ್ಟಣಗಳ ಏಕಮುಖ ರಸ್ತೆ, ನಿಲುಗಡೆ ನಿಷೇಧ ಮೊದಲಾದವುಗಳಿಗೆ ಮೂಲ ಆ ಅಧಿಸೂಚನೆಯೇ. ಫಲಕದ ಆಕಾರ, ಬಣ್ಣ, ಅಳತೆಗಳು ಕಾಯ್ದೆಯ ಅನುಸೂಚಿಯಲ್ಲಿರುವಂತೆಯೇ ಇರತಕ್ಕದ್ದು. ಬೇರೆ ರೀತಿಯಲ್ಲಿ ಫಲಕ ನೆಡುವಂತಿಲ್ಲ. ಹೆದ್ದಾರಿಯ ಮೇಲಿನ ಫಲಕಗಳಿಗೆ 2019ರ ತಿದ್ದುಪಡಿಯು 116(1ಎ) ಎಂಬ ಪ್ರತ್ಯೇಕ ಉಪಕಲಮನ್ನು ಸೇರಿಸಿ ಹೆದ್ದಾರಿ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ. ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರವೂ ಅದರಲ್ಲಿದೆ. ಸಂಕೇಶ್ವರದ ಹೆದ್ದಾರಿಯಲ್ಲಿ ಬಿದ್ದ ದಂಡಕ್ಕೂ ಗೋಕಾಕದ ಪೇಟೆಯಲ್ಲಿ ಬಿದ್ದ ದಂಡಕ್ಕೂ ಫಲಕದ ಹೊಣೆಗಾರರು ಬೇರೆ ಬೇರೆ ಎಂಬುದು ಇದರಿಂದ ಸ್ಪಷ್ಟ.

ಆದುದರಿಂದ ಪ್ರಶ್ನಿಸಬಯಸುವವನು ಮಾಡಬೇಕಾದ ಮೊದಲ ಕೆಲಸ ವಾದವಲ್ಲ, ಛಾಯಾಚಿತ್ರ. ಅದೇ ದಿನ, ಅದೇ ಗಾಡಿಯ ಚಾಲಕನ ಕಣ್ಣಿನ ಎತ್ತರದಿಂದ, ಬಂದ ದಿಕ್ಕಿನಿಂದಲೇ ಆ ವೃತ್ತದ ಚಿತ್ರ ತೆಗೆಯಬೇಕು. ನಾಳೆ ಫ್ಲೆಕ್ಸ್ ಇಳಿದಿರುತ್ತದೆ, ಸಾಕ್ಷ್ಯ ಹೋಗಿರುತ್ತದೆ. ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕದೊಂದಿಗೆ ಆ ಸ್ಥಳದ ಅಧಿಸೂಚನೆಯ ಪ್ರತಿ ಕೇಳಿದರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. (ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಕೋಪವನ್ನೆಲ್ಲ ಅದರಲ್ಲಿ ತೋಡಿಕೊಂಡು ಅರ್ಜಿಯನ್ನು ಕೆಡಿಸಿಕೊಂಡವರಿದ್ದಾರೆ.) ದಂಡ ಕ್ಯಾಮೆರಾದಿಂದ ಬಿದ್ದಿದ್ದರೆ, 2021ರ ಆಗಸ್ಟ್‌ನಲ್ಲಿ ಸೇರಿಸಿದ ಕೇಂದ್ರ ನಿಯಮ 167ಎ ಪ್ರಕಾರ ಆ ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರವಿದೆಯೇ, ಎಚ್ಚರಿಕೆಯ ಫಲಕವಿದೆಯೇ ಎಂಬುದನ್ನೂ ಕೇಳಬಹುದು. ಚಲನ್ ಮೇಲೆ ಮುದ್ರಿಸಿದ ಗಡುವನ್ನು ಮಾತ್ರ ಕಡ್ಡಾಯವಾಗಿ ನೋಡಬೇಕು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತಿರುವುದರಿಂದ ಹೋದ ವರ್ಷದ ಅನುಭವ ಈ ವರ್ಷಕ್ಕೆ ನಡೆಯದು. ಸುಮ್ಮನೆ ಕುಳಿತುಕೊಳ್ಳುವುದು ವಿರೋಧ ವ್ಯಕ್ತಪಡಿಸಿದಂತಲ್ಲ. ಬಾಕಿ ಚಲನ್ ಗಾಡಿಯ ಕಾಗದಪತ್ರಗಳ ನವೀಕರಣದ ಹೊತ್ತಿಗೆ ಎದುರು ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ ಲೆಕ್ಕ ಹಾಕದೆ ಬಿಡುವಂತಿಲ್ಲ. ವಿಚಾರಣೆಯು ದಂಡ ಬಿದ್ದ ಸ್ಥಳದ ನ್ಯಾಯಾಲಯದಲ್ಲಿ ನಡೆಯುತ್ತದೆ. ಮೂಡಲಗಿಯ ವರ್ತಕನು ಹುಕ್ಕೇರಿಯ ನ್ಯಾಯಾಲಯಕ್ಕೆ ಮೂರು ತಾರೀಖು ತಿರುಗಿದರೆ, ಚಾಲಕನ ಪಗಾರ, ಗಾಡಿ ನಿಂತ ನಷ್ಟ, ವಕೀಲರ ಶುಲ್ಕ ಸೇರಿ ದಂಡದ ಹಲವು ಪಟ್ಟಾಗುತ್ತದೆ. ಸೋತರೆ 177ಎ ಅಡಿ ಐದು ನೂರರ ಬದಲು ಸಾವಿರ ರೂಪಾಯಿಯೂ ಬೀಳಬಹುದು. ಒಬ್ಬನೇ ಹೋರಾಡುವುದು ವ್ಯವಹಾರದ ದೃಷ್ಟಿಯಿಂದ ನಷ್ಟವೇ. ಆದರೆ ಅದೇ ವೃತ್ತದಲ್ಲಿ, ಅದೇ ಮರೆಯಾದ ಫಲಕದ ಕೆಳಗೆ, ಒಂದು ಹಂಗಾಮಿನಲ್ಲಿ ಇಪ್ಪತ್ತು ಸದಸ್ಯರ ಗಾಡಿಗಳಿಗೆ ದಂಡ ಬಿದ್ದಿದ್ದರೆ ಲೆಕ್ಕವೇ ಬದಲಾಗುತ್ತದೆ. ಇಪ್ಪತ್ತು ಚಲನ್‌ಗಳ ಪ್ರತಿಗಳನ್ನು ಒಂದೆಡೆ ಇಟ್ಟು ನೋಡಿದಾಗ, ದೋಷ ಚಾಲಕರದೋ ಫಲಕದ್ದೋ ಎಂಬುದು ಹೇಳದೆಯೇ ತಿಳಿಯುತ್ತದೆ. ಈ ಕೆಲಸ ಒಬ್ಬ ವ್ಯಾಪಾರಿಯಿಂದಾಗದು. ವಾಣಿಜ್ಯ ಸಂಘದಿಂದ ಆದೀತು. ಸಂಘವು ಸದಸ್ಯರಿಂದ ಚಲನ್ ಪ್ರತಿಗಳನ್ನು ಸಂಗ್ರಹಿಸಿ, ಸ್ಥಳವಾರು ಪಟ್ಟಿ ಮಾಡಿ, ಒಂದು ಮಾದರಿ ಪ್ರಕರಣವನ್ನು ಆರಿಸಿ ಸಂಘದ ವೆಚ್ಚದಲ್ಲಿಯೇ ಕೊನೆಯವರೆಗೂ ನಡೆಸಬೇಕು. ಉಳಿದ ಸ್ಥಳಗಳ ಬಗ್ಗೆ ಛಾಯಾಚಿತ್ರ ಸಹಿತ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ಮನವಿ ಸಲ್ಲಿಸಬೇಕು.

ಇದಕ್ಕೆ ಒಂದು ಆಕ್ಷೇಪ ಬರುವುದು ಖಚಿತ. ಪೊಲೀಸರನ್ನು ಎದುರು ಹಾಕಿಕೊಂಡು ಪೇಟೆಯಲ್ಲಿ ವ್ಯಾಪಾರ ಮಾಡಲಾದೀತೇ ಎಂಬುದು. ಆ ಭಯ ನಿರಾಧಾರವೆಂದು ತಳ್ಳಿಹಾಕುವುದು ಸುಲಭ, ಪ್ರಾಮಾಣಿಕವಲ್ಲ. ಆದರೆ ಒಬ್ಬ ಅಂಗಡಿಕಾರನ ತಕರಾರಿಗೂ ಸಂಘದ ಪತ್ರಕ್ಕೂ ವ್ಯತ್ಯಾಸವಿದೆ. ಬಿಸಿಲಲ್ಲಿ ನಿಂತು ಸಂಚಾರ ನಿಯಂತ್ರಿಸುವ ಸಿಬ್ಬಂದಿಗೂ ಕಾಣದ ಫಲಕದಿಂದ ದಿನವಿಡೀ ಜಗಳವೇ ಹೊರತು ಲಾಭವಿಲ್ಲ.

ಇನ್ನೊಂದು ಮಾತನ್ನು ಸದಸ್ಯರು ಬೇಸರಿಸದೆ ಕೇಳಬೇಕು. ಫಲಕಗಳನ್ನು ಮರೆಮಾಡುವ ಫ್ಲೆಕ್ಸ್, ಅಂಗಡಿಯ ಮುಂಚಾಚಿದ ಬೋರ್ಡು, ತಗಡಿನ ಚಪ್ಪರ ಇವುಗಳಲ್ಲಿ ಬಹುಪಾಲು ಯಾರವು? ವೃತ್ತದ ತಿರುವಿನಲ್ಲಿಯೇ ಲಾರಿ ನಿಲ್ಲಿಸಿ ಮೂಟೆ ಇಳಿಸುವವರು ಯಾರು? ತನ್ನ ಬೋರ್ಡಿನಿಂದ ಮುಚ್ಚಿದ ಫಲಕವನ್ನೇ ತೋರಿಸಿ ನ್ಯಾಯಾಲಯದಲ್ಲಿ ವಾದಿಸಲು ಯಾವ ವ್ಯಾಪಾರಿಗೂ ಮುಖವಿರುವುದಿಲ್ಲ. ಸಂಘದ ಪಟ್ಟಿಯಲ್ಲಿ ಮೊದಲ ಕಲಮು ಸದಸ್ಯರೇ ತೆಗೆಯಬೇಕಾದ ಬೋರ್ಡುಗಳದ್ದಾಗಿರಲಿ.

ಹೊರದೇಶದ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನಲ್ಲಿ 2022ರ ಮೇ 31ರಿಂದ ಲಂಡನ್ ಹೊರಗಿನ ಸ್ಥಳೀಯ ಸಂಸ್ಥೆಗಳೂ ಸರ್ಕಾರದಿಂದ ಅಧಿಕಾರ ಪಡೆದು ನಿಷೇಧಿತ ತಿರುವಿಗೆ ದಂಡ ವಿಧಿಸತೊಡಗಿದವು. ಅಲ್ಲಿನ ಮಾರ್ಗಸೂಚಿಯಂತೆ ಹೊಸದಾಗಿ ನಿಗಾ ಆರಂಭಿಸಿದ ಸ್ಥಳದಲ್ಲಿ ಮೊದಲ ಆರು ತಿಂಗಳು ಮೊದಲ ಸಲ ತಪ್ಪಿದವನಿಗೆ ದಂಡವಿಲ್ಲ, ಎಚ್ಚರಿಕೆಯ ಪತ್ರ ಮಾತ್ರ. ನಿಗದಿತ ದಿನಗಳೊಳಗೆ ಕಟ್ಟಿದರೆ ಅರ್ಧ ಮೊತ್ತ. ಒಪ್ಪದವನು ಮೊದಲು ಆ ಸಂಸ್ಥೆಗೆ, ಅಲ್ಲಿ ನ್ಯಾಯ ಸಿಗದಿದ್ದರೆ ಸ್ವತಂತ್ರ ನ್ಯಾಯಮಂಡಳಿಗೆ ಶುಲ್ಕವಿಲ್ಲದೆ ಅಪೀಲು ಮಾಡಬಹುದು. ಅಲ್ಲಿಯೂ ಅರ್ಧ ದಂಡವಿದೆ. ಆದರೆ ಅದು ಬೇಗ ಕಟ್ಟಿದವನಿಗೆ, ಇಲ್ಲಿನಂತೆ ತಡಮಾಡಿದವನಿಗಲ್ಲ. ಎಚ್ಚರಿಕೆಯ ಆರು ತಿಂಗಳನ್ನಾದರೂ ಸಂಘವು ಜಿಲ್ಲಾಡಳಿತದಿಂದ ಕೇಳಿ ಪಡೆಯಬಹುದಾಗಿದೆ. ಅದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಿಲ್ಲ.

ಕೊನೆಗೆ ಲೆಕ್ಕದ ಪುಸ್ತಕದ ಮಾತು. ಕಾನೂನು ಉಲ್ಲಂಘನೆಯ ದಂಡವನ್ನು ‘ಗಾಡಿ ಖರ್ಚು’ ಎಂದು ಬರೆದು ಆದಾಯದಿಂದ ಕಳೆಯುವಂತಿಲ್ಲ. ಹಾಜಿ ಅಜೀಜ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಹಿಂದೆಯೇ ಹೇಳಿತು. ನಿಷೇಧವಿದ್ದಾಗ ಇರಾಕಿನಿಂದ ಸ್ಟೀಮರಿನಲ್ಲಿ ಖರ್ಜೂರ ತರಿಸಿದ ವ್ಯಾಪಾರಿಗಳು ಅದನ್ನು ಬಿಡಿಸಿಕೊಳ್ಳಲು ಕಟ್ಟಿದ ದಂಡ ವ್ಯಾಪಾರದ ಖರ್ಚಲ್ಲವೆಂಬುದು ಆ ತೀರ್ಪು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 37(1)ರ ವಿವರಣೆಯಲ್ಲಿ ಬಂದ ಇದೇ ತತ್ವವು 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಶೇ. 30ರ ತೆರಿಗೆ ಹಾಗೂ ಶೇ. 4ರ ಸೆಸ್ ತೆರುವ ಪಾಲುದಾರಿಕೆ ಸಂಸ್ಥೆಗೆ ರೂ. 500ರ ದಂಡದ ಮೇಲೆ ಇನ್ನೂ ರೂ. 156 ತೆರಿಗೆ ಬೀಳುತ್ತದೆ. ಇದಕ್ಕೆ ಪ್ರತಿಯಾಗಿ, ವ್ಯಾಪಾರದ ಸಂಬಂಧದಲ್ಲಿ ಹೂಡಿದ ಕ್ರಿಮಿನಲ್ ಮೊಕದ್ದಮೆಯ ವೆಚ್ಚವನ್ನೂ ಖರ್ಚೆಂದು ಪರಿಗಣಿಸಬಹುದೆಂದು 1973ರಲ್ಲಿ ಧನರಾಜಗಿರ್ಜಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ದಂಡ ಖರ್ಚಲ್ಲ, ದಂಡವನ್ನು ಪ್ರಶ್ನಿಸಿದ ವಕೀಲರ ಶುಲ್ಕ ಖರ್ಚು: ವಿಚಿತ್ರವೆನಿಸಿದರೂ ಕಾನೂನು ಹೀಗಿದೆ. ದಂಡಕ್ಕೆ ಪ್ರತ್ಯೇಕ ಖಾತೆ ತೆರೆದು, ಪ್ರತಿ ನಮೂದಿಗೂ ಚಲನ್ ಸಂಖ್ಯೆ ಬರೆಯಬೇಕು. ರಸೀದಿಯಿಲ್ಲದೆ ಕೊಟ್ಟ ಹಣವಂತೂ ದಂಡವೂ ಅಲ್ಲ, ಖರ್ಚೂ ಅಲ್ಲ. ಅದಕ್ಕೆ ಲೆಕ್ಕಶಾಸ್ತ್ರದಲ್ಲಿ ಹೆಸರಿಲ್ಲ.

ಅದನ್ನು ಚಾಲಕನ ಪಗಾರದಿಂದ ಮುರಿದುಕೊಂಡು ಕೈತೊಳೆದುಕೊಳ್ಳುವ ಮಾಲೀಕರೂ ಇದ್ದಾರೆ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಕಾನೂನು ಒಪ್ಪಿದ ಕಾರಣಗಳಿಗಲ್ಲದೆ ಪಗಾರ ಕಡಿತ ಸಲ್ಲದು. ಚಾಲಕನ ಅಲಕ್ಷ್ಯದ ನಷ್ಟವೆಂದರೂ ಅವನ ವಿವರಣೆ ಕೇಳಲೇಬೇಕು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯೂ ಬೇಕಾಬಿಟ್ಟಿ ಕಡಿತಕ್ಕೆ ಅವಕಾಶ ಕೊಟ್ಟಿಲ್ಲ. ಆ ವಿವರಣೆಯನ್ನು ಅದೇ ಸಂಜೆ ಬರಹದಲ್ಲಿ ಪಡೆದಿಟ್ಟರೆ, ಫಲಕ ಎಲ್ಲಿತ್ತು, ಎದುರಿಗೆ ಏನಿತ್ತು, ಅಧಿಕಾರಿ ಏನೆಂದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮುಂದೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲುವ ಪ್ರಸಂಗ ಬಂದರೆ ಛಾಯಾಚಿತ್ರದ ಜೊತೆಗೆ ಇಡಬೇಕಾದ ಕಾಗದವೂ ಅದೇ. ಕಬ್ಬು ನುರಿಸುವ ಹಂಗಾಮು ಆರಂಭವಾಗುವುದಕ್ಕೆ ಮುಂಚಿನ ಸಭೆಯಲ್ಲಿ ಸಂಘವು ಈ ಕಾಗದಗಳನ್ನು ಸದಸ್ಯರಿಂದ ಕೇಳಿ ಪಡೆಯುವುದು ಲೇಸು. ಹಂಗಾಮು ಶುರುವಾದ ಮೇಲೆ ಮೂರೂ ತಾಲ್ಲೂಕುಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.